ತಾಳ್ಮೆಯಿಲ್ಲದ ಹಣ

ಹಳ್ಳಿಯವರೇ ಸೇರಿ ಕಟ್ಟಿಕೊಳ್ಳುವ ಬ್ರಾಡ್‌ಬ್ಯಾಂಡ್ ಜಾಲವೊಂದರ ಖಜಾಂಚಿ ಕೆಲಸ ನನ್ನ ಹೆಗಲಿಗೆ ಬಿದ್ದದ್ದು, ಮೊದಲ ಸಭೆಯಲ್ಲಿ ‘ಸ್ಪ್ರೆಡ್‌ಶೀಟ್ ಮಾಡಲು ನನಗೆ ಬರುತ್ತದೆ’ ಎಂದು ಬಾಯಿತಪ್ಪಿ ಹೇಳಿದ ತಪ್ಪಿಗೆ. ಫೈಬರ್ ಎಂದರೇನು ಎಂಬುದು ಆಗ ನನಗೆ ಸರಿಯಾಗಿ ತಿಳಿದಿರಲಿಲ್ಲ. ಆಮೇಲೆ ಕಳೆದ ವರ್ಷಗಳಲ್ಲಿ ಕಲಿತದ್ದರಲ್ಲೂ ತಂತ್ರಜ್ಞಾನದ ಪಾಲು ಕಡಿಮೆಯೇ. ಹೆಚ್ಚಾಗಿ ಕಲಿತದ್ದು ಹಣದ ಸ್ವಭಾವವನ್ನು. ಗ್ರಾಮೀಣ ಇಂಟರ್ನೆಟ್‌ಗೆ ದುಡ್ಡಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ, ಈಗ ಹೇಳಲಾರೆ. ದುಡ್ಡು ಇದೆ, ಕೆಲವು ದೇಶಗಳಲ್ಲಿ ಕಣ್ಣು ಕುಕ್ಕುವಷ್ಟು ಇದೆ. ಆದರೆ ಬೇಕಾದ ಹೊತ್ತಿಗೆ ಅದು ಬರುವುದಿಲ್ಲ, ಬಂದರೂ ಇರಬೇಕಾದಷ್ಟು ಕಾಲ ನಿಲ್ಲುವುದಿಲ್ಲ, ಅಗೆಯಲು ಕೊಡುವವರು ನಡೆಸಲು ಕೊಡುವುದಿಲ್ಲ.

ಖರ್ಚು ಎಲ್ಲಿ ಆಗುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಫೈಬರ್ ಎಂದರೆ ಇಂಟರ್ನೆಟ್ಟನ್ನು ಬೆಳಕಿನ ರೂಪದಲ್ಲಿ ಒಯ್ಯುವ, ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆ; ಅದಕ್ಕೆ ಆಗುವ ವೆಚ್ಚ ಒಟ್ಟು ಲೆಕ್ಕದಲ್ಲಿ ಅಷ್ಟೇನೂ ದೊಡ್ಡದಲ್ಲ. ನೆಲ ಅಗೆಯುವುದು, ಪೈಪು ಹೂಳುವುದು, ಬಂಡೆ ಸಿಕ್ಕರೆ ಸುತ್ತುಬಳಸಿ ಹೋಗುವುದು, ರಸ್ತೆ ದಾಟಲು ಅನುಮತಿ ಪಡೆಯುವುದು, ಅಗೆದದ್ದನ್ನು ಮೊದಲಿನಂತೆ ಮುಚ್ಚಿಕೊಡುವುದು, ಇವುಗಳಲ್ಲಿಯೇ ಬಂಡವಾಳದ ಬಹುಪಾಲು ಕರಗಿಹೋಗುತ್ತದೆ. ಒಂದು ಕಿಲೋಮೀಟರ್ ಅಗೆತದಲ್ಲಿ ಅರವತ್ತು ಮನೆಗಳು ಸಿಗುವ ಕಡೆ ಆ ಖರ್ಚನ್ನು ಅರವತ್ತು ಮನೆಗಳು ಹಂಚಿಕೊಳ್ಳುತ್ತವೆ. ಅದೇ ಕಿಲೋಮೀಟರಿನಲ್ಲಿ ಆರೇ ಮನೆಗಳಿದ್ದರೆ ಪ್ರತಿ ಮನೆಯ ತಲೆಯ ಮೇಲೆ ಹತ್ತು ಪಟ್ಟು ಹೊರೆ ಬೀಳುತ್ತದೆ, ಆದರೆ ಆ ಮನೆಯವರು ತಿಂಗಳಿಗೆ ಕೊಡಬಲ್ಲ ಶುಲ್ಕ ಪಟ್ಟಣದವರು ಕೊಡುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ದೊಡ್ಡ ಕಂಪನಿಗಳು ಹಳ್ಳಿಗಳತ್ತ ತಲೆಹಾಕದಿರುವುದಕ್ಕೆ ಇಷ್ಟು ಸಾಕಾದ ಕಾರಣ. ಅದರಲ್ಲಿ ದುರುದ್ದೇಶ ಹುಡುಕುವವರಿದ್ದಾರೆ. ನನಗೆ ಕಾಣುವುದು ಬರೀ ಭಾಗಾಕಾರ.

ಭಾಗಾಕಾರಕ್ಕೆ ಸಮುದಾಯದವರೂ ಹೊರತಲ್ಲ. ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಚೌಕವಿತ್ತು. ಜಾಲ ಹಾದುಹೋಗುವ ಮನೆಗಳಲ್ಲಿ ನೂರಕ್ಕೆ ಎಷ್ಟು ಮನೆಗಳು ಸಂಪರ್ಕ ತೆಗೆದುಕೊಳ್ಳಬಹುದು ಎಂಬ ಅಂದಾಜನ್ನು ಅದರಲ್ಲಿ ತುಂಬಬೇಕಿತ್ತು. ಅಲ್ಲಿ 45 ಎಂದು ಬರೆದರೆ ಕೆಳಗಿನ ಸಾಲುಗಳೆಲ್ಲ ಕಪ್ಪು ಅಕ್ಷರದಲ್ಲಿ ಶಾಂತವಾಗಿರುತ್ತಿದ್ದವು. 38 ಎಂದು ತಿದ್ದಿದ ಕೂಡಲೇ ಆರನೆಯ ವರ್ಷದಿಂದ ಆಚೆಗೆ ಇಡೀ ಹಾಳೆ ಕೆಂಪಾಗುತ್ತಿತ್ತು. ನೂರರಲ್ಲಿ ಏಳು ಮನೆಗಳವರ ಮನಸ್ಸಿನ ಮೇಲೆ ಎಲ್ಲವೂ ನಿಂತಿತ್ತು, ಆ ಏಳು ಮನೆಗಳು ಯಾವುವು ಎಂದು ಯಾರಿಗೂ ಗೊತ್ತಿರಲಿಲ್ಲ. ಮನೆ ಮನೆಗೆ ಹೋಗಿ ಕೇಳಿದರೆ ‘ಮೊದಲು ತಂತಿ ಬರಲಿ, ಆಮೇಲೆ ನೋಡೋಣ’ ಎನ್ನುತ್ತಿದ್ದರು. ಸಾಲ ಕೊಡುವವರ ಬಳಿ ಹೋದರೆ ‘ಮೊದಲು ಗ್ರಾಹಕರ ಸಹಿ ತನ್ನಿ, ಆಮೇಲೆ ನೋಡೋಣ’ ಎನ್ನುತ್ತಿದ್ದರು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಮಾಡಿದವರು ಎಂದೋ ಒಮ್ಮೆ ಸಾಲದ ಅರ್ಜಿ ಬರೆದಿರಬೇಕು.

ಬ್ಯಾಂಕಿನವರನ್ನು ಬೈಯುವುದು ಸುಲಭ, ಆದರೆ ಅವರ ಕುರ್ಚಿಯಲ್ಲಿ ಕುಳಿತು ನೋಡಿದರೆ ಅವರ ಮಾತಿನಲ್ಲೂ ಹುರುಳಿದೆ. ಮನೆಯನ್ನು ಅಡವಿಟ್ಟರೆ ಮುಟ್ಟುಗೋಲು ಹಾಕಿಕೊಳ್ಳಬಹುದು, ವಾಹನವನ್ನು ಎಳೆದೊಯ್ಯಬಹುದು. ನಲವತ್ತು ಹೊಲಗಳ ಅಡಿಯಲ್ಲಿ ಹೂತಿರುವ ಗಾಜಿನ ಎಳೆಯನ್ನು ಹರಾಜಿಗಿಟ್ಟರೆ ಯಾರು ಕೊಳ್ಳುತ್ತಾರೆ? ಅದಕ್ಕೆ ಬೆಲೆ ಇರುವುದು ಅದು ಇರುವ ಜಾಗದಲ್ಲಿ, ಅದನ್ನು ಬಳಸುವ ಜನರಿಗೆ ಮಾತ್ರ. ಜೊತೆಗೆ ಅವಧಿಯ ಹೊಂದಾಣಿಕೆಯೂ ಇಲ್ಲ. ಹೂತ ಪೈಪು ಮತ್ತು ಫೈಬರ್ ಮೂವತ್ತು ವರ್ಷ, ಅದಕ್ಕಿಂತ ಹೆಚ್ಚೂ ಬಾಳುವ ಆಸ್ತಿ. ಸಾಮಾನ್ಯ ವ್ಯಾಪಾರಿ ಸಾಲವನ್ನು ಐದರಿಂದ ಹತ್ತು ವರ್ಷಗಳಲ್ಲಿ ತೀರಿಸಬೇಕು. ಮೂವತ್ತು ವರ್ಷ ಫಲ ಕೊಡುವ ಮರದ ಬೆಲೆಯನ್ನು ಮೊದಲ ಏಳು ಫಸಲಿನಲ್ಲಿಯೇ ಕೊಟ್ಟುಬಿಡಿ ಎಂದರೆ ಆ ಮರ ನೆಡುವ ಧೈರ್ಯ ಹಣವುಳ್ಳವರಿಗೆ ಮಾತ್ರ ಬರುತ್ತದೆ.

ಹಾಗಾದರೆ ಸರ್ಕಾರದ ಅನುದಾನವಿದೆಯಲ್ಲ ಎಂದು ಕೇಳಬಹುದು. ಅನುದಾನದ ಬಗ್ಗೆ ಹೊರಗಿನವರಿಗೆ ತಿಳಿಯದ ಒಂದು ಸಂಗತಿಯೆಂದರೆ, ಅದು ಬಹುಮಟ್ಟಿಗೆ ಕೆಲಸ ಮುಗಿದ ಮೇಲೆ ಬರುವ ಹಣ. ಅತಿ ವೇಗದ ಇಂಟರ್ನೆಟ್‌ಗಾಗಿ ನೆರವಿನ ಚೀಟಿ ಕೊಡುವ ಬ್ರಿಟನ್ನಿನ ಗಿಗಾಬಿಟ್ ವೋಚರ್ ಯೋಜನೆಯನ್ನೇ ನೋಡಿ: ಮನೆಗೆ ಇಷ್ಟು, ಸಣ್ಣ ಉದ್ದಿಮೆಗೆ ಇಷ್ಟು ಎಂದು ನೆರವು ನಿಗದಿಯಾಗಿರುತ್ತಿತ್ತು, ಹಲವು ಮನೆಗಳವರು ತಮ್ಮ ವೋಚರುಗಳನ್ನು ಒಟ್ಟುಗೂಡಿಸಿ ಇಡೀ ಹಳ್ಳಿಯ ಕೆಲಸಕ್ಕೆ ಬಳಸಬಹುದಿತ್ತು. ಒಳ್ಳೆಯ ಆಲೋಚನೆಯೇ. ಆದರೆ ಮನೆಗೆ ಸಂಪರ್ಕ ಕೊಟ್ಟು, ಅದು ಕೆಲಸ ಮಾಡುತ್ತಿದೆ ಎಂದು ತೋರಿಸಿದ ಮೇಲೆಯೇ ಹಣ ಬಿಡುಗಡೆಯಾಗುತ್ತಿತ್ತು. ಅಗೆಯುವವರಿಗೆ, ಪೈಪು ಮಾರಿದವರಿಗೆ, ಬೆಸುಗೆ ಹಾಕಿದವರಿಗೆ ಅಲ್ಲಿಯತನಕ ಕೊಡಬೇಕಾದ ದುಡ್ಡು ಎಲ್ಲಿಂದ ತರುವುದು? ದೊಡ್ಡ ಕಂಪನಿಗೆ ಇದು ಪ್ರಶ್ನೆಯೇ ಅಲ್ಲ, ಅದರ ಖಾತೆಯಲ್ಲಿ ದುಡಿಯುವ ಬಂಡವಾಳ ಸದಾ ಇರುತ್ತದೆ. ನಮ್ಮಂಥವರಿಗೆ ಮಂಜೂರಾತಿ ಪತ್ರ ಬಂದ ದಿನದಿಂದಲೇ ನಿದ್ದೆಗೆಡುವ ಕಾಲ ಶುರುವಾಗುತ್ತದೆ.

ಅಮೆರಿಕದಲ್ಲಿ 2021ರ ನವೆಂಬರಿನ ಮೂಲಸೌಕರ್ಯ ಕಾನೂನು ಬ್ರಾಡ್‌ಬ್ಯಾಂಡ್ ತಲುಪದ ಊರುಗಳಿಗಾಗಿ 4,245 ಕೋಟಿ ಡಾಲರ್ ಮೀಸಲಿಟ್ಟಿತು. ‘ಬೀಡ್’ ಎಂದು ಕರೆಯಲಾಗುವ ಈ ಯೋಜನೆಯ ಮೊದಲ ನಿಯಮಗಳ ಪ್ರಕಾರ, ಹಣ ಪಡೆಯುವವರು ಯೋಜನಾ ವೆಚ್ಚದ ಕಾಲುಭಾಗವನ್ನು ಸಾಮಾನ್ಯವಾಗಿ ತಾವೇ ಹೊಂದಿಸಬೇಕಿತ್ತು. ಅದರ ಮೇಲೆ ಅನುದಾನದ ಶೇಕಡಾ 25ರಷ್ಟು ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿಯಂಥ ಪತ್ರವೊಂದನ್ನು ಒದಗಿಸಬೇಕಿತ್ತು. ಅಂಥ ಪತ್ರ ಬೇಕೆಂದರೆ ಸಣ್ಣ ಸಂಸ್ಥೆಗಳ ಬಳಿ ಬ್ಯಾಂಕುಗಳು ನಗದನ್ನೇ ಠೇವಣಿಯಾಗಿ ಕೇಳುತ್ತವೆ. ಅಂದರೆ ಹಣವಿಲ್ಲವೆಂದು ಹಣ ಕೇಳಲು ಹೋದವರು, ತಮ್ಮಲ್ಲಿ ಹಣವಿದೆ ಎಂದು ತೋರಿಸಲು ಹಣವನ್ನು ಕಟ್ಟಿಡಬೇಕು. ಪುರಸಭೆಗಳು, ಸಹಕಾರ ಸಂಘಗಳು, ಸಣ್ಣ ಕಂಪನಿಗಳು ಗಟ್ಟಿಯಾಗಿ ಕೂಗಿದ ಮೇಲೆ, 2023ರ ನವೆಂಬರಿನಲ್ಲಿ ಆ ನಿಯಮ ಸಡಿಲವಾಗಿ ಬೇರೆ ಬಗೆಯ ಭದ್ರತೆಗಳಿಗೂ ಒಪ್ಪಿಗೆ ಸಿಕ್ಕಿತು. 2025ರ ಜೂನಿನಲ್ಲಿ ಯೋಜನೆಯ ನಿಯಮಗಳನ್ನೇ ಮತ್ತೆ ತಿರುವಿಹಾಕಲಾಯಿತು; ರಾಜ್ಯಗಳು ಹೊಸದಾಗಿ ಬಿಡ್ ಕರೆಯಬೇಕಾಯಿತು. ಕಾನೂನಾಗಿ ಮೂರೂವರೆ ವರ್ಷ ಕಳೆದ ಮೇಲಿನ ಮಾತಿದು. ಅಷ್ಟು ದಿನ ಸಂಬಳವಿಲ್ಲದೆ ಕಾಯಬಲ್ಲ ಸ್ವಯಂಸೇವಕ ಸಮಿತಿ ಯಾವುದಿದೆ ಎಂದು ನಾನು ಯೋಚಿಸುತ್ತೇನೆ.

ಅದಕ್ಕೂ ಮುನ್ನ, 2020ರ ಕೊನೆಯಲ್ಲಿ, ಅಲ್ಲಿನ ಸಂವಹನ ಆಯೋಗ ಗ್ರಾಮೀಣ ಪ್ರದೇಶಗಳನ್ನು ಹರಾಜಿನ ಮೂಲಕ ಹಂಚಿತ್ತು: ಕಡಿಮೆ ಸಬ್ಸಿಡಿಗೆ ಕಟ್ಟಿಕೊಡುತ್ತೇವೆ ಎಂದವರಿಗೆ ಆ ಪ್ರದೇಶ. ಹತ್ತು ವರ್ಷಗಳಲ್ಲಿ ಕೊಡಬೇಕಾದ ಸುಮಾರು 920 ಕೋಟಿ ಡಾಲರುಗಳಿಗೆ 180 ಬಿಡ್ಡುದಾರರು ಗೆದ್ದರು. ಅವರಲ್ಲಿ ಹಲವರು ಮುಂದೆ ಕಟ್ಟಲಾಗದೆ ಹಿಂದೆ ಸರಿದರು, ಕೆಲವರ ದೊಡ್ಡ ಅರ್ಜಿಗಳನ್ನು ಆಯೋಗವೇ 2022ರಲ್ಲಿ ತಿರಸ್ಕರಿಸಿತು. ಹಣ ಖಜಾನೆಯಲ್ಲಿಯೇ ಉಳಿಯಿತಲ್ಲ, ನಷ್ಟವೇನು ಎನ್ನಬಹುದು. ಒಬ್ಬರು ಗೆದ್ದ ಪ್ರದೇಶಕ್ಕೆ ಬೇರೆ ಯೋಜನೆಗಳ ಹಣ ಸಿಗದಂತೆ ಬಾಗಿಲು ಮುಚ್ಚಿರುತ್ತದೆ ಎಂಬುದೇ ನಷ್ಟ. ಯಾರೂ ಕಟ್ಟದೆ ಹೋದ ಆ ವರ್ಷಗಳಲ್ಲಿ, ತಾವೇ ಕಟ್ಟಿಕೊಳ್ಳುತ್ತೇವೆ ಎಂದು ಮುಂದೆ ಬಂದ ಊರಿನವರಿಗೂ ನೆರವು ಸಿಗದೆ ಹೋಗುತ್ತದೆ.

ನಮಗೂ ಇಂಥದ್ದೊಂದು ಬಾಗಿಲು ಮುಚ್ಚಿತ್ತು, ಬೇರೆ ರೀತಿಯಲ್ಲಿ. ನಮ್ಮ ಅರ್ಜಿಯನ್ನು ಪರಿಶೀಲಿಸಿದ ಕಚೇರಿ, ನಕ್ಷೆಯ ಪ್ರಕಾರ ನಮ್ಮ ಪ್ರದೇಶಕ್ಕೆ ‘ಸೇವೆ ಈಗಾಗಲೇ ಲಭ್ಯವಿದೆ’ ಎಂದು ಎರಡು ಸಾಲಿನ ಉತ್ತರ ಕಳಿಸಿತು. ಸೇವೆ ಇದ್ದದ್ದು ದಿಬ್ಬದ ಮೇಲಿನ ಕೆಲವು ಮನೆಗಳಿಗೆ, ಅದೂ ಗಾಳಿಮಳೆ ಇಲ್ಲದ ದಿನಗಳಲ್ಲಿ. ನಕ್ಷೆ ಬಿಡಿಸಿದವರು ಇಡೀ ಚೌಕಕ್ಕೆ ಬಣ್ಣ ಬಳಿದಿದ್ದರು. ಪ್ರತಿ ಮನೆಯಲ್ಲಿ ವೇಗ ಅಳೆದು, ದಿನಾಂಕ ಮತ್ತು ಹೊತ್ತು ಬರೆದಿಟ್ಟು, ಆಕ್ಷೇಪಣೆ ಸಲ್ಲಿಸುವಷ್ಟರಲ್ಲಿ ಒಂದು ಬೇಸಿಗೆ ಕಳೆಯಿತು. ಅಗೆಯಲು ಅನುಕೂಲವಾದ ಕಾಲ ಅದೊಂದೇ ಆಗಿತ್ತು.

ಸಮುದಾಯದ ಹಣ ಹೇಗೆ ಬೇರೆ ಎಂಬುದನ್ನು ಅರಿಯಲು ನಾನು ಮತ್ತೆ ಮತ್ತೆ ಓದಿದ್ದು ಉತ್ತರ ಇಂಗ್ಲೆಂಡಿನ ಲಂಕಾಶೈರ್ ಗ್ರಾಮೀಣ ಭಾಗದ ‘ಬ್ರಾಡ್‌ಬ್ಯಾಂಡ್ ಫಾರ್ ದಿ ರೂರಲ್ ನಾರ್ತ್’ ಎಂಬ ಸಂಸ್ಥೆಯ ಬಗ್ಗೆ. ಜನ ಅದನ್ನು ‘ಬಾರ್ನ್’ ಎಂದೇ ಕರೆಯುತ್ತಾರೆ. 2011ರಲ್ಲಿ ಸಮುದಾಯದ ಹಿತಕ್ಕಾಗಿ ನಡೆಯುವ ಸಂಘವಾಗಿ ಅದು ನೋಂದಣಿಯಾಯಿತು. ಎಷ್ಟು ಷೇರು ಕೊಂಡರೂ ಸದಸ್ಯನಿಗೆ ಒಂದೇ ಮತ. ಷೇರನ್ನು ಬೇರೆಯವರಿಗೆ ಮಾರುವಂತಿಲ್ಲ, ಸಂಘದ ಸ್ಥಿತಿಗತಿ ನೋಡಿ ಹಿಂದಕ್ಕೆ ಪಡೆಯಬಹುದು ಅಷ್ಟೇ. ರೈತರು ತಮ್ಮ ಹೊಲಗಳ ಮೂಲಕ ಪೈಪು ಹಾಯಿಸಲು ಬಾಡಿಗೆ ಕೇಳಲಿಲ್ಲ. ಅನೇಕರು ತಮ್ಮ ಯಂತ್ರಗಳಿಂದಲೇ ಅಗೆದರು, ಅಗೆದದ್ದಕ್ಕೆ ಮೀಟರಿಗೆ ಒಂದೂವರೆ ಪೌಂಡ್ ಲೆಕ್ಕ. ಅದನ್ನು ನಗದಿನ ಬದಲು ಷೇರಿನ ರೂಪದಲ್ಲಿ ಪಡೆದರು. ಈ ಒಂದು ಏರ್ಪಾಡನ್ನು ಸ್ವಲ್ಪ ನಿಂತು ನೋಡಬೇಕು. ಜಾಲದ ಅತಿ ದೊಡ್ಡ ಖರ್ಚು ಅಗೆತ ಎಂದು ಮೇಲೆ ಹೇಳಿದೆ. ಆ ಖರ್ಚನ್ನೇ ಅವರು ಬಂಡವಾಳವನ್ನಾಗಿ ತಿರುಗಿಸಿದರು: ಹೊರಗೆ ಹೋಗಬೇಕಾಗಿದ್ದ ನಗದು ಹೊರಗೆ ಹೋಗಲಿಲ್ಲ, ದುಡಿದವನು ಒಡೆಯನಾದ, ಒಡೆಯನಾದವನು ಗ್ರಾಹಕನೂ ಆದ. ನನ್ನ ಸ್ಪ್ರೆಡ್‌ಶೀಟ್‌ನ ಆ ಚೌಕದಲ್ಲಿ ಏನು ತುಂಬಬೇಕೆಂಬ ಚಿಂತೆ ಅಲ್ಲಿ ಅರ್ಧ ಕಡಿಮೆಯಾಗಿದ್ದಿರಬೇಕು, ಏಕೆಂದರೆ ತಾನೇ ಅಗೆದು ಹೂತ ಜಾಲವನ್ನು ಬಿಟ್ಟು ಬೇರೆಯವರ ಬಳಿ ಸಂಪರ್ಕ ಕೇಳಲು ಯಾರು ಹೋಗುತ್ತಾರೆ? ಆರಂಭದಲ್ಲಿ ತಿಂಗಳಿಗೆ 30 ಪೌಂಡಿಗೆ, ಇಳಿಸಿಕೊಳ್ಳಲೂ ಕಳಿಸಲೂ, ಎರಡೂ ದಿಕ್ಕಿನಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕವನ್ನು ಅವರು ಕೊಟ್ಟರು. ಹಣ ಹೂಡಿದವರಿಗೆ ತೆರಿಗೆ ವಿನಾಯಿತಿಯೂ ಸಿಗುತ್ತಿತ್ತು. ಸರ್ಕಾರ ಕೊಟ್ಟ ನೆರವುಗಳಲ್ಲಿ ನನಗೆ ಹೆಚ್ಚು ಜಾಣತನದ್ದೆನಿಸುವುದು ಇದೇ, ಏಕೆಂದರೆ ಇದು ಅರ್ಜಿಗಾಗಿ ಕಾಯಿಸಲಿಲ್ಲ, ಊರಿನವರ ಉಳಿತಾಯವನ್ನು ಹೊರಗೆಳೆಯಿತು.

ಇದನ್ನೆಲ್ಲ ಓದಿ ಹುರುಪಿನಿಂದ ನಾವೂ ಷೇರು ಮಾರಲು ಹೊರಟೆವು. ನನಗೆ ಮರೆಯಲಾಗದ್ದು ನಿವೃತ್ತ ಶಿಕ್ಷಕಿಯೊಬ್ಬರ ಮನೆ. ಬಡ್ಡಿದರ, ಅವಧಿ, ಅಪಾಯ ಎಲ್ಲವನ್ನೂ ಬರೆದಿದ್ದ ನಾಲ್ಕು ಪುಟಗಳ ಕರಪತ್ರವನ್ನು ಅವರ ಮುಂದಿಟ್ಟು, ಹಣ ಮುಳುಗಲೂಬಹುದು ಎಂದು ಎರಡು ಸಲ ಹೇಳಿದೆ. ಅವರು ಕನ್ನಡಕ ಏರಿಸಿ ಪುಟಗಳನ್ನು ತಿರುವಿ, ಮಡಿಸಿ ಮೇಜಿನ ಮೇಲಿಟ್ಟು, ಕೇಳಿದ್ದು ಒಂದೇ ಪ್ರಶ್ನೆ: ‘ಬೇಲಿಯ ಪಕ್ಕದಲ್ಲಿ ಅಗೆಯುತ್ತೀರಲ್ಲ, ಅಲ್ಲಿರುವ ಆ ಹಳೆಯ ಮರದ ಬೇರಿಗೆ ಪೆಟ್ಟಾಗುವುದಿಲ್ಲ ತಾನೇ?’ ಮರದಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತೇವೆ ಎಂದು ಚೀಟಿಯೊಂದರ ಮೇಲೆ ಗೆರೆ ಎಳೆದು ತೋರಿಸಿದೆ. ಅವರು ಚೆಕ್ ಬರೆದರು, ಚೀಟಿಯನ್ನು ಕರಪತ್ರದೊಳಗಿಟ್ಟು ತಮ್ಮಲ್ಲೇ ಉಳಿಸಿಕೊಂಡರು. ಬಡ್ಡಿಯ ಮಾತು ಅವರು ಇಂದಿನವರೆಗೂ ಎತ್ತಿಲ್ಲ. ಬೇಗ ಹಿಂದಿರುಗಬೇಕೆಂದು ಆತುರಪಡದ ಹಣವನ್ನು ನಾನು ತಾಳ್ಮೆಯ ಹಣ ಎನ್ನುತ್ತೇನೆ; ಹಾಗೆಂದಾಗ ನನ್ನ ಕಣ್ಣ ಮುಂದೆ ಬರುವುದು ಆ ಚೆಕ್ಕು.

ಅಮೆರಿಕದ ವರ್ಮಾಂಟ್ ರಾಜ್ಯದ ಪೂರ್ವ ಮಧ್ಯಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಊರುಗಳು 2008ರ ಮಾರ್ಚಿನಲ್ಲಿ ತಮ್ಮ ವಾರ್ಷಿಕ ಸಭೆಗಳಲ್ಲಿ ಮತ ಹಾಕಿ, ಒಟ್ಟಾಗಿ ಫೈಬರ್ ಜಾಲ ಕಟ್ಟಲು ನಿರ್ಧರಿಸಿದವು. ‘ಇಸಿಫೈಬರ್’ ಎಂಬುದು ಅದರ ಹೆಸರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಣಕಾಸು ಮಾರುಕಟ್ಟೆ ಕುಸಿದು, ಹೊಂದಿಸಿಕೊಂಡಿದ್ದ ಬಂಡವಾಳ ಕೈತಪ್ಪಿತು. ಕೊನೆಗೆ ಊರಿನವರೇ 2,500 ಡಾಲರುಗಳ ಸಾಲಪತ್ರಗಳನ್ನು ಕೊಂಡು ಲಕ್ಷಗಟ್ಟಲೆ ಡಾಲರು ಕೂಡಿಸಿದರು, ಒಂದೊಂದೇ ರಸ್ತೆಯಂತೆ ಜಾಲ ಬೆಳೆಯಿತು. 2015ರಲ್ಲಿ ಇಂಥ ಊರುಗಳ ಒಕ್ಕೂಟಕ್ಕೆ ರಾಜ್ಯದ ಕಾನೂನು ಒಂದು ಚೌಕಟ್ಟು ಕೊಟ್ಟಿತು. ಒಕ್ಕೂಟ ತೆರಿಗೆ ಹಣ ಮುಟ್ಟುವಂತಿಲ್ಲ, ಗ್ರಾಹಕರ ಶುಲ್ಕವನ್ನು ಆಧಾರವಾಗಿಟ್ಟು ಬಾಂಡ್ ಹೊರಡಿಸಬಹುದು. ಮರುವರ್ಷವೇ ಅವರು ಬಾಂಡ್ ಮಾರುಕಟ್ಟೆಗೆ ಇಳಿದರು. ಅನುಕ್ರಮವನ್ನು ಗಮನಿಸಿ. ನೆರೆಹೊರೆಯವರ ಹಣದಿಂದ ಕೆಲವು ರಸ್ತೆಗಳು ಬೆಳಗಿ, ತಿಂಗಳು ತಿಂಗಳೂ ಶುಲ್ಕ ಬರುತ್ತಿದೆ ಎಂಬುದು ಕಂಡ ಮೇಲೆ ದೊಡ್ಡ ಹಣ ಒಳಗೆ ಬಂತು. ಆ ಮೊದಲ ಅಂಕವನ್ನು ನೆರೆಹೊರೆಯವರಲ್ಲದೆ ಬೇರೆ ಯಾರೂ ಆಡಲು ಸಿದ್ಧರಿರಲಿಲ್ಲ.

ತಾಳ್ಮೆಯ ಹಣವನ್ನು ಸರ್ಕಾರ ಕೊಡಲಾರದು ಎಂದೇನೂ ಇಲ್ಲ. 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಕಂಪನಿಗಳು ಆಗಲೂ ಇದೇ ಭಾಗಾಕಾರ ಮಾಡಿ ಹಿಂದೆ ಸರಿದಿದ್ದವು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತ ಆರಂಭವಾಗಿ, 1936ರ ಕಾನೂನಿನ ಪ್ರಕಾರ ರೈತರ ಸಹಕಾರ ಸಂಘಗಳಿಗೆ 25 ವರ್ಷಗಳ ಅವಧಿಯ, ಕಡಿಮೆ ಬಡ್ಡಿಯ ಸಾಲ ಸಿಗತೊಡಗಿತು. 1949ರಲ್ಲಿ ಅದೇ ಏರ್ಪಾಡು ದೂರವಾಣಿಗೂ ವಿಸ್ತರಿಸಿತು. ಅದು ದಾನವಾಗಿರಲಿಲ್ಲ, ಕೊಟ್ಟದ್ದನ್ನು ಸಂಘಗಳು ತೀರಿಸಬೇಕಿತ್ತು. ಆಸ್ತಿ ಬಾಳುವಷ್ಟು ಕಾಲ ಸಾಲವೂ ಕಾದಿತ್ತು ಎಂಬುದೇ ಅದರ ಹೆಚ್ಚುಗಾರಿಕೆ. ಅಂದು ಹುಟ್ಟಿದ ವಿದ್ಯುತ್ ಸಹಕಾರ ಸಂಘಗಳಲ್ಲಿ ಎಷ್ಟೋ ಇಂದು ತಮ್ಮದೇ ಕಂಬಗಳ ಮೇಲೆ ಫೈಬರ್ ಎಳೆಯುತ್ತಿವೆ.

ಕಟ್ಟುವ ಹಣದ ಕಥೆ ಇಷ್ಟಾದರೆ, ನಡೆಸುವ ಹಣದ ಕಥೆಯನ್ನು ಯಾರೂ ಕೇಳಲು ಬಯಸುವುದಿಲ್ಲ. ರಿಬ್ಬನ್ ಕತ್ತರಿಸುವುದಕ್ಕೆ ಅತಿಥಿಗಳು ಬರುತ್ತಾರೆ, ತುಂಡಾದ ಕೇಬಲ್ ಜೋಡಿಸುವ ದಿನ ಯಾರೂ ಬರುವುದಿಲ್ಲ. ಅಂಥ ಒಂದು ರಾತ್ರಿ ನಾನು ಟಾರ್ಚ್ ಹಿಡಿದು ನಿಂತಿದ್ದೆ. ಬೆಸುಗೆ ಹಾಕುವ ಹುಡುಗ ಎಳೆಯ ಮೇಲಿನ ಬಣ್ಣದ ಹೊದಿಕೆಯನ್ನು ಸುಲಿದು, ಸ್ಪಿರಿಟ್‌ನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನು ಯಂತ್ರದೊಳಗೆ ಎದುರುಬದುರು ಇಟ್ಟ. ಪರದೆಯ ಮೇಲೆ ಅವು ಎರಡು ದೊಡ್ಡ ಕೊಳವೆಗಳಂತೆ ಕಂಡವು, ಕ್ಷಣಕಾಲ ಕಿಡಿ ಹೊಳೆಯಿತು, ಒಂದಾದವು. ಬೆಸುಗೆಯಲ್ಲಿ ಸೋರಿಹೋಗುವ ಬೆಳಕಿನ ನಷ್ಟ 0.02 ಡೆಸಿಬೆಲ್, ಅಂದರೆ ಇಲ್ಲವೆನ್ನುವಷ್ಟು ಕಡಿಮೆ, ಎಂದು ಯಂತ್ರ ತೋರಿಸಿತು. ‘ಇನ್ನು ನಲವತ್ತೇಳು ಇವೆ’ ಎಂದ ಅವನು. ಆ ರಾತ್ರಿಯ ಖರ್ಚಿಗೆ ಯಾವ ಅನುದಾನದ ಪಟ್ಟಿಯಲ್ಲೂ ಸಾಲು ಇರಲಿಲ್ಲ.

ಭಾರತದಲ್ಲಿ 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆ, ದೂರಸಂಪರ್ಕ ಕಂಪನಿಗಳ ಆದಾಯದಿಂದ ಪಡೆದ ಪಾಲಿನ ನಿಧಿಯಿಂದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯಲು ಹೊರಟಿತು. ಅದು ಸಮುದಾಯದ ಜಾಲವಲ್ಲ. ಆದರೂ 2023ರ ಪರಿಷ್ಕೃತ ಯೋಜನೆಯಲ್ಲಿ ಹತ್ತು ವರ್ಷಗಳ ನಿರ್ವಹಣೆಯನ್ನೂ ವೆಚ್ಚದೊಳಗೆ ಸೇರಿಸಿರುವುದು, ಹೂಳುವುದಷ್ಟೇ ಸಾಲದು ಎಂಬ ಪಾಠವನ್ನು ದೊಡ್ಡವರೂ ಕಲಿತಿರುವುದರ ಗುರುತು. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ರೇಡಿಯೊ ಸಂಪರ್ಕಗಳಿಂದ ಆರಂಭವಾದ ‘ಗ್ವಿಫಿ’ ಜಾಲ ಇದಕ್ಕೆ ತನ್ನದೇ ದಾರಿ ಕಂಡುಕೊಂಡಿದೆ. ಜಾಲ ಎಲ್ಲರದು, ಅದರ ಮೇಲೆ ಸೇವೆ ಮಾರಿ ಲಾಭ ಮಾಡುವ ಸಣ್ಣ ಕಂಪನಿಗಳು ತಾವು ಎಷ್ಟು ಹೂಡಿದ್ದೇವೆ, ಎಷ್ಟು ಬಳಸಿದ್ದೇವೆ ಎಂದು ಲೆಕ್ಕ ಒಪ್ಪಿಸುತ್ತವೆ. ಹೂಡಿದ್ದಕ್ಕಿಂತ ಹೆಚ್ಚು ಬಳಸಿದವರು ಕೊಡಬೇಕು, ಕಡಿಮೆ ಬಳಸಿದವರಿಗೆ ಹಿಂದಕ್ಕೆ ಸಿಗುತ್ತದೆ. ದಕ್ಷಿಣ ಆಫ್ರಿಕಾದ ಮಾಂಕೋಸಿ ಎಂಬಲ್ಲಿನ ‘ಝೆನ್‌ಝೆಲೇನಿ’ ಸಹಕಾರ ಸಂಘದ ಮೊದಲ ಆದಾಯದ ಮೂಲವಂತೂ ಇನ್ನೂ ಸರಳ: ವಿದ್ಯುತ್ ಇಲ್ಲದ ಊರಿನಲ್ಲಿ ಜಾಲದ ಸೌರಫಲಕಗಳಿಂದ ಜನರ ಮೊಬೈಲು ಚಾರ್ಜ್ ಮಾಡಿಕೊಟ್ಟು ಚಿಲ್ಲರೆ ಕಾಸು ಕೂಡಿಸಿದರು.

ಉಪಗ್ರಹದಿಂದ ನೇರವಾಗಿ ಇಂಟರ್ನೆಟ್ ಬರುತ್ತಿರುವಾಗ ಈ ಅಗೆತದ ಗೋಳು ಏಕೆ ಎಂದು ಕೇಳುವವರಿಗೆ ನಾನು ಪೂರ್ತಿ ಎದುರಾಡುವುದಿಲ್ಲ. ಗುಡ್ಡದಾಚೆ ಒಂಟಿಯಾಗಿ ನಿಂತ ಮನೆಗೆ ಅದೇ ಸರಿ, ನಾವೂ ಅಂಥ ಮೂರು ಮನೆಗಳನ್ನು ಲೆಕ್ಕದಿಂದ ಕೈಬಿಟ್ಟೆವು. ಆದರೆ ಇಡೀ ಊರನ್ನು ಹಾಗೆ ಬಿಟ್ಟರೆ ಪ್ರತಿ ತಿಂಗಳ ಶುಲ್ಕ ಎಂದೆಂದಿಗೂ ಹೊರಗೆ ಹೋಗುತ್ತಿರುತ್ತದೆ, ಊರಿನ ಕೈಯಲ್ಲಿ ಆಸ್ತಿ ಎಂಬುದು ಉಳಿಯುವುದಿಲ್ಲ. ಇನ್ನು, ಸ್ವಯಂಸೇವಕರ ಶ್ರಮವನ್ನು ಹೊಗಳಿ ಬರೆಯುವವರ ಬಗ್ಗೆಯೂ ನನಗೆ ತುಸು ಅಸಮಾಧಾನವಿದೆ. ಉಚಿತ ದುಡಿಮೆ ಉಚಿತವಲ್ಲ. ನಮ್ಮ ಸಮಿತಿಯಲ್ಲಿ ಆರಂಭದಿಂದ ಉಳಿದಿರುವವರು ಮೂವರು, ಅವರಲ್ಲಿ ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರು ದೂರು ಹೇಳುವ ಕರೆಗಳನ್ನು ಊಟದ ಹೊತ್ತಿನಲ್ಲಿ ಎತ್ತುವುದನ್ನು ಬಿಟ್ಟಿದ್ದಾರೆ. ಮೂರನೆಯವನು ಇದನ್ನು ಬರೆಯುತ್ತಿದ್ದಾನೆ.

ನೆಲದಡಿಯ ಫೈಬರ್ ಬಾಳುತ್ತದೆ, ಆದರೆ ಅದರ ಎರಡು ತುದಿಗಳಲ್ಲಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಆಯುಷ್ಯ ಏಳರಿಂದ ಹತ್ತು ವರ್ಷ. ನಮ್ಮವು ಏಳನೆಯ ವರ್ಷದಲ್ಲಿವೆ. ಸವಕಳಿ ನಿಧಿ ಎಂದು, ಅಂದರೆ ಇಂಥವು ಸವೆದಾಗ ಬದಲಿಸಲೆಂದು, ಪ್ರತಿ ತಿಂಗಳು ತೆಗೆದಿಟ್ಟ ಹಣವನ್ನು ಮೂರನೆಯ ವರ್ಷದಲ್ಲಿ ಅನುದಾನ ತಡವಾದಾಗ ಗುತ್ತಿಗೆದಾರರಿಗೆ ಕೊಟ್ಟು, ಆಮೇಲೆ ಅರ್ಧದಷ್ಟನ್ನು ಮಾತ್ರ ತುಂಬಿಕೊಂಡಿದ್ದೇವೆ. ಬರುವ ತಿಂಗಳ ಸಭೆಯ ಮುಂದೆ ನಾನು ಎರಡು ಹಾಳೆ ಇಡಬೇಕು: ಒಂದರಲ್ಲಿ ತಿಂಗಳ ಶುಲ್ಕದ ಏರಿಕೆ, ಇನ್ನೊಂದರಲ್ಲಿ ಹೊಸ ಷೇರುಗಳ ಮಾರಾಟ. ಎರಡನೆಯ ಹಾಳೆಯ ಹೆಸರುಗಳ ಪಟ್ಟಿಯಲ್ಲಿ ಶಿಕ್ಷಕಿಯವರನ್ನು ಸೇರಿಸಿ, ತೆಗೆದು, ಮತ್ತೆ ಸೇರಿಸಿದ್ದೇನೆ. ಬೇಲಿಯ ಪಕ್ಕದ ಮರ ಚೆನ್ನಾಗಿದೆ, ಮೊನ್ನೆ ಆ ದಾರಿಯಲ್ಲಿ ಹೋದಾಗ ನೋಡಿಕೊಂಡು ಬಂದೆ.